ಹಂಚಿನ ಮನೆಗೆ ಹೊಗೆ ಅಲಾರಂ: ಹಾಕಿಸಿದವರು ಸ್ವಲ್ಪ ಹೇಳಿ

ಕೇಳಿದ್ದು: ತೀರ್ಥಹಳ್ಳಿ ಕಡೆಯವಳು, ಈಗ ಬೆಂಗಳೂರಲ್ಲಿ

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ ಇಬ್ಬರೇ ಊರಲ್ಲಿದ್ದಾರೆ. ತೋಟದ ನಡುವೆ ಒಂಟಿ ಮನೆ. ಹಂಚಿನ ಮಾಡು, ಮರದ ಅಟ್ಟ. ಅಡುಗೆ ಗ್ಯಾಸಿನಲ್ಲಿ, ಆದರೆ ಬಚ್ಚಲಿಗೆ ಈಗಲೂ ಸೌದೆ ಒಲೆ, ತಾಮ್ರದ ಹಂಡೆ.

ಹೋದ ಆಷಾಢದಲ್ಲಿ ಹಂಡೆ ಮೇಲಿನ ತಂತಿಗೆ ಒಣಗಲು ಹಾಕಿದ್ದ ಪಂಚೆ ರಾತ್ರಿ ಜಾರಿ ಒಲೆ ಬಾಯಿಗೆ ಬಿತ್ತು. ಅಪ್ಪ ನೀರು ಕುಡಿಯಲು ಎದ್ದಿದ್ದರಿಂದ ಗೊತ್ತಾಯಿತು. ಪಕ್ಕದಲ್ಲೇ ಅಡಿಕೆ ಹಾಳೆ ರಾಶಿ ಇತ್ತು. ದೇವರು ದೊಡ್ಡವನು, ಏನೂ ಆಗಲಿಲ್ಲ. ಆದರೆ ಅವತ್ತಿಂದ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಅಣ್ಣ ಅಮೆರಿಕದಿಂದ ಬರುವಾಗ ಎರಡು ಹೊಗೆ ಅಲಾರಂ ತಂದ. ಒಂದನ್ನು ಬಚ್ಚಲ ಬಾಗಿಲ ಮೇಲೆ, ಇನ್ನೊಂದನ್ನು ಅಡುಗೆಮನೆಯಲ್ಲಿ ಹಾಕಿದೆವು. ಬೆಳಿಗ್ಗೆ ಒಲೆ ಹಚ್ಚಿದರೆ ಒಂದು ಕೂಗುತ್ತದೆ, ಒಗ್ಗರಣೆ ಹಾಕಿದರೆ ಇನ್ನೊಂದು. ನಾಲ್ಕನೇ ದಿನ ಅಮ್ಮ ಎರಡರ ಸೆಲ್ಲೂ ತೆಗೆದು ಟಿವಿ ರಿಮೋಟಿಗೆ ಹಾಕಿಬಿಟ್ಟಳು. "ಅದು ಹೊಗೆ ಇಲ್ಲದ ಊರಿಗೆ ಮಾಡಿದ್ದು ಕಣೇ, ನಮಗಲ್ಲ" ಅಂತಾಳೆ.

ಅಮ್ಮ ಹೇಳುವುದು ಸರಿಯಾ? ಎಲ್ಲಿ ಹಾಕಬೇಕು? ನಮ್ಮ ಮಳೆಗೆ, ಥಂಡಿಗೆ ಕೆಟ್ಟು ಹೋಗಲ್ವಾ? ಬೆಂಕಿ ವಿಷಯದಲ್ಲಿ ಮತ್ತೇನು ನೋಡಿಕೊಳ್ಳಬೇಕು?

ಸಾಗರದ ಹತ್ತಿರದಿಂದ, ತೋಟದ ಮನೆ

ತಂಗೀ, ನಿಮ್ಮಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ನಮ್ಮ ಮನೆಗಳಲ್ಲಿ ಹೊಗೆ ನೆಂಟನಲ್ಲ, ಮನೆಯವನೇ. ಉಳಿದರ್ಧಕ್ಕೆ ನಮ್ಮನೆ ಕಥೆ ಕೇಳಿ.

ಏಳು ವರ್ಷದ ಹಿಂದೆ, ಕಾರ್ತಿಕ ಮಾಸ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಉಂಡು ಮಲಗಿದ್ದೆವು. ರಾತ್ರಿ ಎರಡು ಗಂಟೆ ಹೊತ್ತಿಗೆ ಅತ್ತೆಗೆ ಕೆಮ್ಮು ಬಂದು ಎದ್ದರು. "ಯಾರೋ ಗೋಣಿ ಸುಡ್ತಿದಾರೆ" ಅಂದರು. ಆ ಹೊತ್ತಲ್ಲಿ ಯಾರು ಸುಡುತ್ತಾರೆ? ಟಾರ್ಚ್ ಹಾಕಿ ನೋಡಿದರೆ ಅಟ್ಟದ ಹಲಗೆ ಸಂದಿಯಲ್ಲಿ ಹೊಗೆ ಆಡುತ್ತಿತ್ತು. ನಮ್ಮನೆಯವರು ಏಣಿ ಹತ್ತಿದರು. ಮೇಲೆ ಹಳೇ ಚಾಪೆ, ಗೋಣಿಚೀಲ, ಮಕ್ಕಳ ಶಾಲೆ ಪುಸ್ತಕ. ಗೋಣಿ ಒಳಗೊಳಗೇ ಬೇಯುತ್ತಿತ್ತು, ಉರಿ ಇನ್ನೂ ಎದ್ದಿರಲಿಲ್ಲ. ನಾಲ್ಕು ಕೊಡ ನೀರಿಗೆ ಮುಗಿಯಿತು.

ಬೆಳಿಗ್ಗೆ ಅಲ್ಲಿ ಗುಡಿಸುವಾಗ ಸಿಕ್ಕಿದ್ದು ಒಂದು ಹತ್ತಿ ಬತ್ತಿ. ಒಂದು ತುದಿ ಕರಕಲು. ಇನ್ನೊಂದು ತುದಿ ಇನ್ನೂ ಎಣ್ಣೆ ಜಿಡ್ಡು, ಅದರ ಮೇಲೆ ಸಣ್ಣ ಹಲ್ಲಿನ ಗುರುತು. ಇಲಿ ಎಣ್ಣೆ ಆಸೆಗೆ ಉರಿಯುವ ಬತ್ತಿಯನ್ನೇ ಕಚ್ಚಿ ಎಳೆದುಕೊಂಡು ಹೋಗಿತ್ತು. ನಂಬಲಿಕ್ಕೆ ಕಷ್ಟ ಅಲ್ವಾ? ನಾನು ಈ ಕಥೆ ಹೇಳಿದ ಕಡೆಯೆಲ್ಲ "ನಮ್ಮ ಅಜ್ಜಿ ಮನೇಲೂ ಹಿಂಗೇ ಆಗಿತ್ತು" ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಈಗ ನಮ್ಮಲ್ಲಿ ಮಲಗುವ ಮುಂಚೆ ದೀಪ ಶಾಂತ ಮಾಡುತ್ತೇವೆ. ಹಬ್ಬದ ದಿನ ಉರಿಯಲೇಬೇಕು ಅಂದರೆ ಗಾಜಿನ ಚಿಮಣಿ ಮುಚ್ಚುತ್ತೇವೆ.

ಆ ತಿಂಗಳೇ ಅಲಾರಂ ತರಿಸಿದೆವು. ನೀವು ಮಾಡಿದ ತಪ್ಪನ್ನೇ ನಾವೂ ಮಾಡಿದೆವು. ಬೆಂಕಿ ಇರುವುದು ಅಡುಗೆಮನೆ, ಬಚ್ಚಲಲ್ಲಿ ತಾನೇ ಅಂತ ಅಲ್ಲೇ ಹಾಕಿದೆವು. ದಿನಾ ಕೂಗಿತು. ಒಂದು ವಾರ ಆದಮೇಲೆ ಅದು ಕೂಗಿದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅಕ್ಕಪಕ್ಕದ ನಾಯಿ ಬೊಗಳಿದ ಹಾಗೆ. ಕೊನೆಗೆ ಸೆಲ್ ತೆಗೆದೆವು. ಗೋಡೆ ಮೇಲೆ ಬಿಳೀ ಡಬ್ಬಿ ಇದೆ, ಒಳಗೆ ಜೀವ ಇಲ್ಲ. ಅಲಾರಂ ಇಲ್ಲದೇ ಇರುವುದಕ್ಕಿಂತ ಇದು ಕೆಟ್ಟದ್ದು. ಇದೆಯಲ್ಲ ಅಂತ ನಾವು ಧೈರ್ಯವಾಗಿ ಮಲಗುತ್ತೇವೆ.

ಆಮೇಲೆ ಗೊತ್ತಾಯಿತು. ದಿನಾ ಹೊಗೆ ಬರುವ ಕಡೆ ಅಲ್ಲ, ಹೊಗೆ ಬರಲೇಬಾರದ ಕಡೆ ಇದನ್ನು ಹಾಕಬೇಕು. ಮಲಗುವ ಕೋಣೆ ಒಳಗೆ ಒಂದು. ಮಲಗುವ ಕೋಣೆಗೂ ಅಡುಗೆಮನೆಗೂ ನಡುವಿನ ಓಣಿಯಲ್ಲಿ ಒಂದು. ಅಟ್ಟದಲ್ಲಿ ಒಂದು. ಒಲೆಯಿಂದ ಕನಿಷ್ಠ ಹತ್ತು ಅಡಿ ದೂರ. ಅಲ್ಲಿಗೂ ಹೊಗೆ ಬಂತು ಅಂದರೆ ಅದು ಒಗ್ಗರಣೆ ಹೊಗೆ ಅಲ್ಲ ಅಂತ ಅರ್ಥ. ಜಾಗ ಬದಲಾಯಿಸಿದ ಮೇಲೆ ನಮ್ಮಲ್ಲಿ ಸುಮ್ನೆ ಕೂಗಿದ್ದು ಆರು ವರ್ಷದಲ್ಲಿ ಮೂರು ಸಲ. ಒಂದು ಸಲ ಮನೆಯೊಳಗೆ ಹೋಮ ಮಾಡಿಸಿದಾಗ, ಭಟ್ಟರು ಮಂತ್ರ ನಿಲ್ಲಿಸಿ ಮೇಲೆ ನೋಡಿದರು.

ಅಡುಗೆಮನೆ, ಬಚ್ಚಲಿಗೂ ಏನಾದರೂ ಬೇಕು ಅಂದರೆ ಬಿಸಿಗೆ ಕೂಗುವ ಅಲಾರಂ ಬೇರೆ ಬರುತ್ತದೆ. ಹೊಗೆಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸುತ್ತಲಿನ ಬಿಸಿ ಸುಮಾರು 57 ಡಿಗ್ರಿ ದಾಟಿದರೆ ಕೂಗುತ್ತದೆ. ಹಂಡೆ ಒಲೆಯ ನೆತ್ತಿಗೇ ಹಾಕಬೇಡಿ, ಸ್ವಲ್ಪ ಆಚೆ. ಹೊಗೆ ಅಲಾರಂಗಿಂತ ಇದು ತಡ ಮಾಡುತ್ತದೆ. ಹಾಗಾಗಿ ಇದೊಂದೇ ಸಾಕು ಅಂದುಕೊಳ್ಳಬೇಡಿ.

ಈಗ ಹಂಚಿನ ಮಾಡಿನ ವಿಷಯ. ಅಲಾರಂ ಜೊತೆ ಬರುವ ಚೀಟಿಯಲ್ಲಿ ಚಪ್ಪಟೆ ತಾರಸಿ ಚಿತ್ರ ಇರುತ್ತದೆ. ನಮ್ಮದು ಇಳಿಜಾರು. ಅಟ್ಟ ಇರುವ ಕೋಣೆಗೆ ಚಿಂತೆಯಿಲ್ಲ, ಅಟ್ಟದ ಹಲಗೆಯ ಕೆಳಮೈಗೆ ನಡು ಭಾಗದಲ್ಲಿ ಸ್ಕ್ರೂ ಹಾಕಿ. ಅಟ್ಟ ಇಲ್ಲದ ಜಗಲಿಯಲ್ಲಿ ನೇರ ಹಂಚು ಕಾಣುತ್ತದಲ್ಲ, ಅಲ್ಲಿ ಮಾಡಿನ ತೀರಾ ನೆತ್ತಿಗೆ ಹಾಕಬಾರದು. ಆ ಮೂಲೆಯಲ್ಲಿ ಗಾಳಿ ನಿಂತೇ ಇರುತ್ತದೆ, ಹೊಗೆ ಬೇಗ ಹೊಕ್ಕುವುದಿಲ್ಲ. ನೆತ್ತಿಯಿಂದ ನಾಲ್ಕು ಇಂಚು ಬಿಟ್ಟು, ಮೂರು ಅಡಿಯೊಳಗೆ ಹಾಕಿ. ಪಕಾಸಿಗೆ ಸಣ್ಣ ಹಲಗೆ ಹೊಡೆದು ಅದಕ್ಕೆ ಕೂರಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಮಾಡು ಬಹಳ ಎತ್ತರ ಇದ್ದರೆ, ಹಂಚಿನ ಸಂದಿಯಿಂದ ಹೊಗೆ ಹೊರಗೆ ಹೋಗುತ್ತಿದ್ದರೆ, ಅಲ್ಲಿ ಹಾಕಿದ್ದನ್ನು ಜಾಸ್ತಿ ನಂಬಬೇಡಿ. ಮಲಗುವ ಕೋಣೆಯದ್ದೇ ಮುಖ್ಯ.

ನೋಡಿಕೊಳ್ಳುವುದು ಹೇಗೆ ಅಂತ ಕೇಳಿದಿರಿ. ತಿಂಗಳಿಗೊಮ್ಮೆ ಅದರ ಬಟನ್ ಒತ್ತಿ ಕೂಗಿಸಬೇಕು. ಯಾವ ತಾರೀಖು ಅಂತ ಯಾರಿಗೆ ನೆನಪಿರುತ್ತದೆ? ನಾನು ಸಂಕಷ್ಟಿಗೆ ಗಂಟು ಹಾಕಿದೆ. ಹೇಗೂ ಚಂದ್ರ ನೋಡಲು ಕಾಯುತ್ತಾ ಕೂತಿರುತ್ತೇವೆ. ಆ ಹೊತ್ತಲ್ಲಿ ಮೂರನ್ನೂ ಕೂಗಿಸುತ್ತೇನೆ. ಕುರ್ಚಿ ಹತ್ತುವುದಿಲ್ಲ, ನನಗೂ ವಯಸ್ಸಾಯಿತು. ಮಾವಿನಕಾಯಿ ಕೊಯ್ಯುವ ದೋಟಿ ತುದಿಗೆ ಬಟ್ಟೆ ಸುತ್ತಿ ಕೆಳಗಿನಿಂದಲೇ ಒತ್ತುತ್ತೇನೆ.

ಊದುಬತ್ತಿ ಹಿಡಿದು ಪರೀಕ್ಷೆ ಮಾಡುವವರಿದ್ದಾರೆ. ಬೇಡ. ಬಟನ್ ಇರುವುದೇ ಅದಕ್ಕೆ. ಊದುಬತ್ತಿ ಜಿಡ್ಡು ಒಳಗೆ ಕೂತರೆ ಆಮೇಲೆ ಅದೇ ತಲೆನೋವು.

ಗೌರಿ ಹಬ್ಬದ ಮುಂಚೆ ಮನೆಯೆಲ್ಲ ಇಲ್ಲಣ ಹೊಡೆಯುತ್ತೇವಲ್ಲ, ಅವತ್ತು ಅಲಾರಂ ಕೆಳಗಿಳಿಸಿ ಸೆಲ್ ಬದಲಾಯಿಸುತ್ತೇನೆ. ಹಳೇ ಸೆಲ್ಲಲ್ಲಿ ಇನ್ನೂ ಜೀವ ಇದ್ದರೂ ಸರಿ, ಅದು ಗೋಡೆ ಗಡಿಯಾರಕ್ಕೆ ಹೋಗುತ್ತದೆ. ಅಂದರೆ ನಿಮ್ಮಮ್ಮ ಮಾಡಿದ್ದನ್ನೇ ನಾನೂ ಮಾಡುತ್ತೇನೆ, ಹೊಸದು ಹಾಕಿದ ಮೇಲೆ ಮಾಡುತ್ತೇನೆ ಅಷ್ಟೆ. ಡಬ್ಬಿ ಸುತ್ತಲಿನ ಕಿಂಡಿಗಳನ್ನು ಒಣಗಿದ ಮೆತ್ತಗಿನ ಪೇಂಟ್ ಬ್ರಷ್‌ನಿಂದ ಉಜ್ಜುತ್ತೇನೆ. ನೀರು, ಸೋಪು ತಾಗಿಸಬಾರದು.

ಮೊದಲ ಮಳೆ ಬಿದ್ದಾಗ ಹಾತೆ ಏಳುತ್ತವಲ್ಲ, ಅವು ದೀಪಕ್ಕೆ ಬಂದು ಇದರೊಳಗೂ ಹೊಕ್ಕುತ್ತವೆ. ಜೇಡ ಅಂತೂ ಒಳಗೇ ಬಲೆ ಕಟ್ಟುತ್ತದೆ. ಕಾರಣವಿಲ್ಲದೆ ಕೂಗಿದರೆ ಮೊದಲು ಅದನ್ನು ನೋಡಿ. ಹುಳದ ಔಷಧಿಯನ್ನು ಅಲಾರಂ ಹತ್ತಿರ ಹೊಡೆಯಬೇಡಿ.

ಶಿವಮೊಗ್ಗದಿಂದ, ವೈರಿಂಗ್ ಕೆಲಸದವನು

ಮೇಲೆ ಅಕ್ಕ ಹೇಳಿದ್ದು ಸರಿಯಾಗಿದೆ. ನಾನು ನಾಲ್ಕು ಮಾತು ಸೇರಿಸುತ್ತೇನೆ.

ಅಮೆರಿಕದಿಂದ ತಂದದ್ದು ಅಂದಿರಿ. ಅದು ಬರೀ ಸೆಲ್ಲಿನದ್ದಾದರೆ ಇಲ್ಲೂ ನಡೆಯುತ್ತದೆ. ವೈರ್ ಜೋಡಿಸುವಂಥದ್ದಾದರೆ ಕೈ ಹಾಕಬೇಡಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಇನ್ನೊಂದು, ಡಬ್ಬಿ ತಿರುಗಿಸಿ ಹಿಂದೆ ನೋಡಿ. ತಯಾರಾದ ತಾರೀಖು ಇರುತ್ತದೆ. ಅಲ್ಲಿಂದ ಹತ್ತು ವರ್ಷ ಅದರ ಆಯಸ್ಸು. ನೀವು ಗೋಡೆಗೆ ಹಾಕಿದ ದಿನದಿಂದ ಅಲ್ಲ. ಹತ್ತು ವರ್ಷ ಆದಮೇಲೆ ಬಟನ್ ಒತ್ತಿದರೆ ಕೂಗಬಹುದು, ಆದರೆ ಬಟನ್ ಹೇಳುವುದು ಗಂಟಲು ಸರಿ ಇದೆ ಅಂತ. ಮೂಗು ಸರಿ ಇದೆ ಅಂತ ಅಲ್ಲ.

ಇದರಲ್ಲಿ ಎರಡು ಜಾತಿ. ಒಂದರೊಳಗೆ ಸಣ್ಣ ದೀಪ, ಬೆಳಕು ಹಿಡಿಯುವ ಕಣ್ಣು ಇರುತ್ತದೆ. ಬೆಳಕು ಕಣ್ಣಿಗೆ ನೇರ ಬೀಳದ ಹಾಗೆ ಓರೆಯಾಗಿ ಕೂರಿಸಿರುತ್ತಾರೆ. ಹೊಗೆ ಒಳಗೆ ಬಂದರೆ ಬೆಳಕು ಅದಕ್ಕೆ ತಾಗಿ ಚೆದುರಿ ಕಣ್ಣಿಗೆ ಬೀಳುತ್ತದೆ, ಆಗ ಕೂಗುತ್ತದೆ. ಬೆಳಗಿನ ಬಿಸಿಲು ಹಂಚಿನ ತೂತಿಂದ ಬಂದಾಗ ಧೂಳು ಕಾಣುತ್ತದಲ್ಲ, ಹಾಗೇ. ಇದಕ್ಕೆ ಫೋಟೋ ಎಲೆಕ್ಟ್ರಿಕ್ ಅಂತಾರೆ. ಇನ್ನೊಂದು ಅಯೊನೈಸೇಷನ್, ಅದರೊಳಗೆ ಅಮೆರಿಸಿಯಂ ಅನ್ನುವ ವಿಕಿರಣ ವಸ್ತು ಚೂರೇ ಚೂರು ಇರುತ್ತದೆ. ಅದು ಜ್ವಾಲೆ ಎದ್ದು ಉರಿಯುವ ಬೆಂಕಿಗೆ ಬೇಗ ಕೂಗುತ್ತದೆ. ಒಳಗೊಳಗೇ ಬೇಯುವ ಬೆಂಕಿಗೆ ತಡ ಮಾಡುತ್ತದೆ. ಗೋಣಿ, ಹಾಸಿಗೆ, ಅಡಿಕೆ ಸಿಪ್ಪೆ, ಹಳೇ ಬಟ್ಟೆ, ನಮ್ಮ ಮನೆಗಳ ಬೆಂಕಿ ಹೆಚ್ಚಿನದ್ದು ಬೇಯುವ ಜಾತಿಯದ್ದೇ. ಅದಕ್ಕೆ ಫೋಟೋ ಎಲೆಕ್ಟ್ರಿಕ್ ತಗೊಳ್ಳಿ. ಒಗ್ಗರಣೆಗೂ ಅದು ಕಮ್ಮಿ ಕಿರಿಕಿರಿ. ಹಂಡೆಯ ಹಬೆ ಬಂದರೆ ಮಾತ್ರ ಅದಕ್ಕೂ ಮೋಸ ಆಗುತ್ತದೆ, ನೀರಿನ ಹನಿಗೂ ಬೆಳಕು ಚೆದುರುತ್ತದಲ್ಲ. ನಿಮ್ಮ ಬಚ್ಚಲ ಬಾಗಿಲ ಅಲಾರಂ ಕೂಗಿದ್ದರಲ್ಲಿ ಹೊಗೆಯಷ್ಟೇ ಹಬೆಯ ಪಾಲೂ ಇರಬಹುದು.

ಸೆಲ್ ಇಳಿದಾಗ ಅದು ದೊಡ್ಡದಾಗಿ ಕೂಗುವುದಿಲ್ಲ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಂದು ಸಲ "ಚಿಂವ್" ಅನ್ನುತ್ತದೆ. ಮಾಗಿ ಚಳಿಯಲ್ಲಿ ಬೆಳಗಿನ ಜಾವವೇ ಇದು ಶುರುವಾಗುವುದು. ಥಂಡಿಗೆ ಸೆಲ್ಲಿನ ಶಕ್ತಿ ಇನ್ನಷ್ಟು ಇಳಿಯುತ್ತದೆ. ಒಬ್ಬರ ಮನೆಯಲ್ಲಿ ಜೀರುಂಡೆ ಒಳಗೆ ಬಂದಿದೆ ಅಂತ ಎರಡು ರಾತ್ರಿ ಪೊರಕೆ ಹಿಡಿದು ಹುಡುಕಿದ್ದರು. ನಾನು ಹೋಗಿ ಸೆಲ್ ಹಾಕಿದ ಮೇಲೆ ಜೀರುಂಡೆ ಸತ್ತಿತು.

ಅಲಾರಂ ಬಿಡಿ, ನಮ್ಮ ಕಡೆ ಹಳೇ ಮನೆಗಳಲ್ಲಿ ಮರದ ಪಟ್ಟಿ ಮೇಲೆ ಓಡಿಸಿದ ವೈರ್ ಇನ್ನೂ ಇದೆ. ಅಟ್ಟದಲ್ಲಿ ಇಲಿ ಕಡಿದಿರುತ್ತದೆ, ಮೇಲೆ ಅಡಿಕೆ ಚೀಲ ಇಟ್ಟಿರುತ್ತಾರೆ. ವೈರಿಂಗ್ ಹಳೆಯದಾದರೆ ಒಮ್ಮೆ ಪೂರ್ತಿ ಬಿಚ್ಚಿ ನೋಡಿಸಿ. ಮೀಟರ್ ಹತ್ತಿರ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅನ್ನುವ ಸ್ವಿಚ್ ಹಾಕಿಸಿ. ಥಂಡಿ ಗೋಡೆಗೆ ಕರೆಂಟ್ ಸೋರಿದರೆ ಅದು ತಾನೇ ಬಿದ್ದು ಲೈನ್ ಕಡಿಯುತ್ತದೆ. ಪದೇ ಪದೇ ಬೀಳುತ್ತದೆ ಅಂತ ಕೆಲವರು ಅದನ್ನು ತಪ್ಪಿಸಿ ನೇರ ಕೊಡಲು ಹೇಳುತ್ತಾರೆ. ನಾನು ಕೊಡುವುದಿಲ್ಲ, ಜಗಳ ಆದರೂ ಸರಿ. ಆದರೆ ಸ್ಕ್ರೂ ಸಡಿಲವಾಗಿ ಪ್ಲಗ್ ಬಿಸಿಯಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ನಿಮ್ಮ ಕೈಯೇ ಆಗಬೇಕು: ಸ್ವಿಚ್ ಬೋರ್ಡ್ ಮುಟ್ಟಿದರೆ ಬೆಚ್ಚಗಿದೆಯಾ, ಕಂದು ಬಣ್ಣ ತಿರುಗಿದೆಯಾ ನೋಡಿ. ನೀರು ಕಾಯಿಸುವ ಕಾಯಿಲ್ ಅನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿಬಿಟ್ಟು ತೋಟಕ್ಕೆ ಹೋಗುವವರಿಗೆ ಏನು ಹೇಳಲಿ.

ಹೊಸನಗರ ಕಡೆಯ ಕೃಷಿಕ

ನಾನು ಅಲಾರಂ ಹಾಕಿಲ್ಲ, ಹಾಕುವುದೂ ಇಲ್ಲ. ಬೆಂಕಿ ಎಲ್ಲಿಂದ ಹುಟ್ಟುತ್ತದೋ ಅಲ್ಲಿ ಹಿಡಿಯಬೇಕು ಮಾರಾಯ್ರೆ.

ನಮ್ಮಲ್ಲಿ ಎರಡು ಸಲ ಬೆಂಕಿ ಬಿತ್ತು. ಎರಡೂ ಸಲ ಮನೆ ಒಳಗಲ್ಲ. ಮೊದಲನೆಯದು ಬೂದಿಯಿಂದ. ಬಚ್ಚಲ ಒಲೆ ಬೂದಿಯನ್ನು ಬೆಳಿಗ್ಗೆ ಬಾಚಿ ಬುಟ್ಟಿಗೆ ತುಂಬಿ ಕೊಟ್ಟಿಗೆ ಪಕ್ಕ ಇಟ್ಟಿದ್ದರು. ಮೇಲೆ ಮುಟ್ಟಿದರೆ ತಣ್ಣಗೆ. ಒಳಗೆ ಕೆಂಡ ಮಲಗಿತ್ತು. ಮಧ್ಯಾಹ್ನ ಗಾಳಿ ಬಂತು, ಬುಟ್ಟಿ ಹೊತ್ತಿತು, ಪಕ್ಕದ ದರಕು ಹೊತ್ತಿತು. ಬೂದಿಯೊಳಗೆ ಕೆಂಡ ಒಂದು ದಿನ ಕಳೆದರೂ ಜೀವ ಹಿಡಿದಿರುತ್ತದೆ. ಆಮೇಲಿಂದ ತಗಡಿನ ಡಬ್ಬಿ, ಮುಚ್ಚಳ, ಮೇಲೆ ಒಂದು ಚೊಂಬು ನೀರು. ಎರಡನೆಯದು ಹುಲ್ಲು. ಸರಿಯಾಗಿ ಒಣಗದ ಹುಲ್ಲನ್ನು ಅವಸರಕ್ಕೆ ಒಟ್ಟಿದ್ದೆವು. ಹಸಿ ಹುಲ್ಲು ರಾಶಿಯೊಳಗೆ ತಾನೇ ಬಿಸಿಯಾಗುತ್ತದೆ. ಕೈ ತೂರಿಸಿ ನೋಡಿದರೆ ಬೇಯಿಸಿದ ಗೆಣಸಿನ ಹಾಗೆ ಸುಡುತ್ತಿತ್ತು. ಅದೃಷ್ಟಕ್ಕೆ ಬರೀ ಹೊಗೆ ಏಳುವಾಗಲೇ ಕೆದರಿ ಹರಡಿದೆವು.

ಬೂದಿ ಬೆಂಕಿ ಆರಿಸಿದ್ದು ಔಷಧಿ ಹೊಡೆಯುವ ಮೆಷಿನ್ನಿನಿಂದ. ಕೊಳೆ ಔಷಧಿಗೆ ಇಟ್ಟಿದ್ದ 200 ಲೀಟರ್ ಡ್ರಮ್ಮಿನಲ್ಲಿ ನೀರು ತುಂಬಿತ್ತು. ಪೈಪು ಬಿಚ್ಚಿ ಹಗ್ಗ ಎಳೆದರೆ ಸಾಕು, ಕರೆಂಟ್ ಕಾಯುವ ಕೆಲಸ ಇಲ್ಲ. ಬಾವಿ ಮೋಟಾರ್ ನಂಬಿ ಕೂತವರಿಗೆ ಬೆಂಕಿ ಬಿದ್ದ ಗಳಿಗೆಗೇ ಕರೆಂಟ್ ಹೋಗುತ್ತದೆ. ಬೇಸಿಗೆಯಲ್ಲಿ ಮೆಷಿನ್ ಅಟ್ಟಕ್ಕೆ ಹಾಕಬೇಡಿ. ಪೆಟ್ರೋಲ್ ಕ್ಯಾನ್ ಮಾತ್ರ ಮನೆಯಿಂದ ದೂರ ಇಡಿ.

ಅಗ್ನಿಶಾಮಕದವರಿಗೆ 101, ಇಲ್ಲದಿದ್ದರೆ 112. ಮೊದಲು ಫೋನು, ಆಮೇಲೆ ನೀರು. ತಾಲೂಕು ಕೇಂದ್ರದಿಂದ ಗಾಡಿ ಬರಲು ಹೊತ್ತು ಹಿಡಿಯುತ್ತದೆ. ನಮ್ಮೂರಿಗೆ ಕಾಲುಸಂಕ, ಅದರ ಮೇಲೆ ಗಾಡಿ ಬರುವುದೇ ಇಲ್ಲ. ಒಬ್ಬರು ರಸ್ತೆಗೆ ಹೋಗಿ ನಿಂತು ಸುತ್ತು ದಾರಿ ತೋರಿಸಬೇಕು.

ಸಾಗರದ ಹತ್ತಿರದಿಂದ, ಮತ್ತೆ

ಅಣ್ಣ, ನೀವು ಹೇಳಿದ ಎರಡೂ ಬೆಂಕಿ ಹಗಲು ಹೊತ್ತಿನವು. ಎಲ್ಲರೂ ಎಚ್ಚರ ಇದ್ದಿರಿ. ನಮ್ಮನೆ ಇಲಿ ಬಂದದ್ದು ರಾತ್ರಿ ಎರಡಕ್ಕೆ.

ಕೊಪ್ಪದಿಂದ, ನರ್ಸ್

ಹೊಗೆ ಅಲಾರಂಗೆ ಗೊತ್ತಾಗದ ಒಂದಿದೆ, ಅದನ್ನು ಯಾರೂ ಹೇಳಲಿಲ್ಲ. ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿದರೆ, ಬಾಣಂತಿ ಕೋಣೆಗೆ ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಜಡಿದರೆ ಇದು ತುಂಬುತ್ತದೆ. ತಲೆನೋವು, ತಲೆಸುತ್ತು, ವಾಂತಿ, ಆಮೇಲೆ ಮಂಪರು. ಜ್ವರ ಇರಬೇಕು ಅಂತ ಮಲಗುತ್ತಾರೆ. ಹೊರಗೆ ಗಾಳಿಗೆ ಕರೆದುಕೊಂಡು ಬರಬೇಕು, ತಡ ಮಾಡದೆ ಆಸ್ಪತ್ರೆಗೆ. ಇದಕ್ಕೆ ಬೇರೆಯೇ ಅಲಾರಂ ಇದೆ. ಎರಡೂ ಒಂದರಲ್ಲೇ ಇರುವುದೂ ಸಿಗುತ್ತದೆ. ಅಂಥದ್ದರಲ್ಲಿ ಹೊಗೆಗೆ ಮೂರು ಮೂರು ಕೂಗು, ಈ ಅನಿಲಕ್ಕೆ ನಾಲ್ಕು ನಾಲ್ಕು.

ಸುಟ್ಟರೆ ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ. ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ ಯಾವುದೂ ಬೇಡ. ಆಸ್ಪತ್ರೆಯಲ್ಲಿ ನಾವು ಮೊದಲು ಮಾಡುವ ಕೆಲಸ ಅದನ್ನೆಲ್ಲ ತೊಳೆಯುವುದು, ಆಗ ಆಗುವ ನೋವು ನೋಡಲಿಕ್ಕಾಗುವುದಿಲ್ಲ.

ಭದ್ರಾವತಿಯಿಂದ, ಹತ್ತು ವರ್ಷ ಸಿಲಿಂಡರ್ ಗಾಡಿಯಲ್ಲಿದ್ದವನು

ಗ್ಯಾಸ್ ಸೋರಿದರೂ ಹೊಗೆ ಅಲಾರಂ ಕೂಗುವುದಿಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡುತ್ತದೆ. ಗ್ಯಾಸ್ ಹಿಡಿಯುವ ಅಲಾರಂ ಹಾಕಿಸುವುದಾದರೆ ನೆಲದಿಂದ ಒಂದು ಅಡಿ ಒಳಗೆ ಹಾಕಬೇಕು. ಒಬ್ಬರು ಅದನ್ನು ಮಾಡಿಗೆ ಹಾಕಿದ್ದರು.

ನಾನು ಮನೆಮನೆಯಲ್ಲಿ ನೋಡಿದ ದೊಡ್ಡ ತಪ್ಪು ಟ್ಯೂಬು. ಕೇಸರಿ ಬಣ್ಣದ, ಒಳಗೆ ತಂತಿ ಇರುವ ಸುರಕ್ಷಾ ಟ್ಯೂಬಿಗೆ ಐದು ವರ್ಷ ಆಯಸ್ಸು, ಅದರ ಮೇಲೇ ಬರೆದಿರುತ್ತದೆ. ಹನ್ನೆರಡು ವರ್ಷದ್ದನ್ನು ನೋಡಿದ್ದೇನೆ, ಮಡಚಿದ ಕಡೆ ಒಣಗಿದ ಗದ್ದೆ ಹಾಗೆ ಬಿರುಕು ಬಿಟ್ಟಿತ್ತು. ಸೋರುತ್ತದಾ ಅಂತ ನೋಡಲು ಸೋಪಿನ ನೀರು ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ. ಕಡ್ಡಿ ಗೀರಿ ನೋಡುವವರೂ ಇದ್ದಾರೆ. ಇದ್ದರು ಅನ್ನಬೇಕೋ ಏನೋ.

ಸಿಲಿಂಡರ್ ಇಳಿಸಿಕೊಳ್ಳುವಾಗ ಹಿಡಿಯ ಕೆಳಗಿನ ಪಟ್ಟಿ ಒಳಮೈ ನೋಡಿ. ಇಂಗ್ಲಿಷಿನ ಒಂದು ಅಕ್ಷರ, ಎರಡು ಅಂಕಿ ಇರುತ್ತದೆ. ಎ ಅಂದರೆ ಮಾರ್ಚ್ ತನಕ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ 29 ಇದ್ದರೆ 2029ರ ಜೂನ್ ಒಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ಅವಧಿ ಮೀರಿದ್ದರೆ ವಾಪಸ್ ಕಳಿಸಿ. ಗಾಡಿಯವನು ಗೊಣಗಿದರೆ ಗೊಣಗಲಿ, ನಾನೂ ಗೊಣಗಿದ್ದೇನೆ.

ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರುತ್ತದೆ. ಬಚ್ಚಲ ಒಲೆ ಉರಿಯುತ್ತಿದೆಯಾ, ದೇವರ ದೀಪ ಇದೆಯಾ ನೆನಪು ಮಾಡಿಕೊಳ್ಳಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬನ್ನಿ, ಅಂಗಳದಿಂದ ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ. ಸಿಲಿಂಡರನ್ನು ಸೌದೆ ಒಲೆಯ ಕೋಣೆಯಲ್ಲಿ ಇಡುವ ಅಭ್ಯಾಸ ನಮ್ಮ ಕಡೆ ಇದೆ, ಜಾಗ ಇಲ್ಲ ಅಂತಾರೆ. ಜಗಲಿಯಲ್ಲಿಟ್ಟರೂ ಅದಕ್ಕಿಂತ ವಾಸಿ.

ಬಾಣಲೆ ಎಣ್ಣೆ ಹೊತ್ತಿದರೆ ನೀರು ಹಾಕಬಾರದು, ಇದು ಹಬ್ಬದಲ್ಲಿ ಕಜ್ಜಾಯ ಕರಿಯುವವರಿಗೆ. ನೀರು ಎಣ್ಣೆ ಅಡಿಗೆ ಹೋಗಿ ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಮಾಡಿಗೆ ಎರಚುತ್ತದೆ. ಒಲೆ ಆರಿಸಿ, ದೊಡ್ಡ ತಟ್ಟೆ ಮುಚ್ಚಿ, ಅಲ್ಲಿಂದ ಅಲುಗಾಡಿಸಬೇಡಿ.

ತೀರ್ಥಹಳ್ಳಿ ಕಡೆಯವಳು, ಮೂರು ವಾರದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊನ್ನೆ ಊರಿಗೆ ಹೋಗಿ ಬಂದೆ.

ಮೊದಲು ಅಲಾರಂ ತಿರುಗಿಸಿ ನೋಡಿದೆ. ಒಂದರ ಹಿಂದೆ 2013 ಅಂತ ಇತ್ತು. ಅಣ್ಣನಿಗೆ ಫೋನ್ ಮಾಡಿದರೆ ನಗುತ್ತಾನೆ, ಮನೆ ಬದಲಾಯಿಸುವಾಗ ಹಳೇ ಮನೆಯಿಂದ ಬಿಚ್ಚಿಕೊಂಡು ಬಂದದ್ದಂತೆ. ಅದನ್ನು ಎತ್ತಿಟ್ಟೆ. ಇನ್ನೊಂದು ಪರವಾಗಿಲ್ಲ, ಇನ್ನೂ ನಾಲ್ಕು ವರ್ಷ ಇದೆ. ಅದು ಓಣಿಗೆ ಹೋಯಿತು. ಹೊಸದು ಎರಡು ತಂದೆವು, ಫೋಟೋ ಎಲೆಕ್ಟ್ರಿಕ್. ಒಂದು ಅಪ್ಪ ಅಮ್ಮ ಮಲಗುವ ಕೋಣೆಗೆ, ಒಂದು ಅಟ್ಟಕ್ಕೆ. ಬಚ್ಚಲಿಗೆ ಬಿಸಿಯದ್ದು ಹುಡುಕುತ್ತಿದ್ದೇನೆ.

ಒಂದು ವಿಷಯ ಯಾರೂ ಹೇಳದ್ದು ಗೊತ್ತಾಯಿತು, ಬೇರೆಯವರಿಗೆ ಉಪಯೋಗ ಆಗಬಹುದು. ಅಪ್ಪ ಮಲಗುವಾಗ ಕಿವಿ ಮೆಷಿನ್ ತೆಗೆದಿಡುತ್ತಾರೆ. ಮಧ್ಯಾಹ್ನ ಅವರು ಮಲಗಿದ್ದಾಗ ಓಣಿಯ ಅಲಾರಂ ಕೂಗಿಸಿದೆ. ಕೊಟ್ಟಿಗೆಯಿಂದ ಅಮ್ಮ ಓಡಿ ಬಂದಳು. ಅಪ್ಪ ಮಗ್ಗುಲು ಬದಲಾಯಿಸಿದರು ಅಷ್ಟೆ. ಆಮೇಲೆ ಓದಿದೆ, ಈ ಅಲಾರಂಗಳ ಕೀರಲು ದನಿಯೇ ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದಂತೆ. ದಪ್ಪ ದನಿಯಲ್ಲಿ ಕೂಗುವವೂ ಇವೆ, ಅಂಥದ್ದು ಸಿಗುವ ತನಕ ಅಮ್ಮನೇ ಅಪ್ಪನ ಅಲಾರಂ. ಅವರ ಕೋಣೆ ಬಾಗಿಲಿಗೆ ರಾತ್ರಿ ಅಗಳಿ ಹಾಕಬೇಡಿ ಅಂತ ಮಾತ್ರ ಹೇಳಿ ಬಂದೆ.

ಹಂಡೆ ಮೇಲಿನ ತಂತಿ ಬಿಚ್ಚಿ ಎದುರು ಗೋಡೆಗೆ ಕಟ್ಟಿದೆವು. "ಬಟ್ಟೆ ಒಣಗೋದಿಲ್ಲ" ಅಂತ ಅಮ್ಮ ಗೊಣಗಿದಳು. ಒಣಗುವುದು ಒಂದು ದಿನ ಜಾಸ್ತಿ ಆಗುತ್ತದೆ, ನಿಜ. ಹಾಳೆ ರಾಶಿ ಕೊಟ್ಟಿಗೆಗೆ ಹೋಯಿತು. ಬೂದಿಗೆ ಹಳೇ ಎಣ್ಣೆ ಡಬ್ಬಿ ಬಂತು. ಗ್ಯಾಸ್ ಟ್ಯೂಬು ನೋಡಿದರೆ ಅವಧಿ ಮುಗಿದು ಮೂರು ವರ್ಷ ಆಗಿತ್ತು, ಅವತ್ತೇ ಬದಲಾಯಿಸಿದೆ.

ಹೊರಡುವ ದಿನ ಬೆಳಿಗ್ಗೆ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಹಾಲಿನ ಲೆಕ್ಕದ ಪಕ್ಕ, ಮುಂದಿನ ಸಂಕಷ್ಟಿಯ ಚೌಕದಲ್ಲಿ ಅಮ್ಮ ಪೆನ್ಸಿಲಿನಲ್ಲಿ ಬರೆದಿದ್ದಾಳೆ: "ಕೂಗಿಸುವುದು". ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ: "ರಿಮೋಟಿಗೆ ಸೆಲ್ ತರಿಸುವುದು".